ಪುಟ್ಟಮಾದಪ್ಪನೆಂಬ ಗಂಡ

ಮೊನ್ನೆ ಮೈಸೂರಿನಿಂದ ಬಂದ ಹುಡುಗಿಯೊಬ್ಬಳು ನನ್ನ ಮುಂದೆ ಒಂದು ಹಾಳೆ ಇಟ್ಟಳು. ಹಳೆಯ ಕಾರ್ಡೊಂದರ ಚಿತ್ರ. ಮೇಲೆ ‘ಅಣ್ಣೆ ಸೊಪ್ಪು’, ಕೆಳಗೆ ಅದರ ವಿವರ, ಹೇಳಿದವರು ಕೌದಳ್ಳಿಯ ಮಾದಮ್ಮ, ಗಂಡನ ಹೆಸರು ಪುಟ್ಟಮಾದಪ್ಪ. ಆ ಕೊನೆಯ ಸಾಲು ಮಾತ್ರ ನನ್ನ ಅಕ್ಷರ.

“ಅಜ್ಜಿ, ಈ ಪುಟ್ಟಮಾದಪ್ಪ ಯಾರು? ಊರೆಲ್ಲ ಕೇಳಿದ್ವಿ, ಯಾರಿಗೂ ಗೊತ್ತಿಲ್ಲ” ಎಂದಳು.

ಹಾಳೆಯ ಮೂಲೆಯಲ್ಲಿ ಕೆಂಪು ಗುರುತು ಇದೆಯೇ ಎಂದು ಹುಡುಕಿದೆ. ಇರಲಿಲ್ಲ…

ಕೊಳ್ಳೇಗಾಲ ಮದರಾಸಿನವರ ಕೈಬಿಟ್ಟು ಮೈಸೂರಿಗೆ ಸೇರಿ ಹತ್ತು ವರ್ಷವಾಗಿದ್ದಿರಬೇಕು. ಮೈಸೂರಿನ ವಿದ್ಯಾಸಂಸ್ಥೆಯೊಂದು ನಮ್ಮ ಕಡೆಯ ಮಾತುಗಳನ್ನೆಲ್ಲ ಕಾರ್ಡಿಗೆ ಇಳಿಸುವ ಕೆಲಸ ಹಿಡಿದಿತ್ತು. ಮುಂದೆ ಯಾರೇ ಸಂಶೋಧನೆಗೆ ಕೂತರೂ ಡ್ರಾಯರ್ ಎಳೆದರೆ ಪದ ಸಿಗಬೇಕು, ಅಷ್ಟೇ. ಕಾರ್ಡು, ಬೀರು, ಸಂಬಳ ಸಂಸ್ಥೆಯದು, ಕೋಣೆ ಕೊಳ್ಳೇಗಾಲದ ಹೈಸ್ಕೂಲಿನದು. ಎಲ್ಲವೂ ಮಾರ್ಚ್‌ವರೆಗೆ. ಮಾರ್ಚಿನಲ್ಲಿ ಸಾಹೇಬರೊಬ್ಬರು ಬಂದು ಕಾರ್ಡು ನೋಡಿ ಹೂಂ ಅಂದರೆ ಇನ್ನೊಂದು ವರ್ಷ, ಇಲ್ಲದಿದ್ದರೆ ಕೋಣೆಗೆ ಬೀಗ.

ಆ ಕೆಲಸ ನಡೆಸುತ್ತಿದ್ದವರು ನಮ್ಮ ಮೇಷ್ಟ್ರು. ಪ್ರೈಮರಿ ಸ್ಕೂಲಿನಿಂದ ರಿಟೈರಾದವರು, ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ನಕಲು ಬರೆಯಲು ಸೇರಿದ್ದೆ. ಮುಳ್ಳೂರು, ಹನೂರು, ಯಳಂದೂರು ಅಂತ ಅವರು ಸುತ್ತದ ಊರಿಲ್ಲ. ಬಂದವರೇ ಕೊಡೆಯನ್ನು ಟಕ್ ಅಂತ ಬಾಗಿಲಿಗೆ ಒರಗಿಸಿ, ನೀರು ಕುಡಿಯುವ ಮೊದಲು ಕಾರ್ಡು ತೆಗೆಯುತ್ತಿದ್ದರು.

ತೊಂದರೆ ಇದ್ದದ್ದು ಒಂದೇ ಕಡೆ. ಊರಿಗೆ ಹತ್ತು ಜನ ಮಾದಮ್ಮಂದಿರು; ಯಾವ ಮಾದಮ್ಮ ಅಂತ ತಿಳಿಯಲು ಗಂಡನ ಹೆಸರು ಬೇಕು. ಕೇಳಿದರೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಳ್ಳುವರು. “ಅಯ್ಯೋ ಸ್ವಾಮಿ, ಯಜಮಾನ್ರ ಎಸರ ನಾ ಯೋಳಕ್ಕಾದದಾ!” ಮೇಷ್ಟ್ರು ಬಲವಂತ ಮಾಡುವವರಲ್ಲ. “ಪಕ್ಕದ ಮನೆಯೋರ ಕೇಳಿ ಬರ್ಕಳವಾ, ಬುಡು” ಎಂದು ಜಾಗ ಖಾಲಿ ಬಿಡುತ್ತಿದ್ದರು. ಹಾಗೆ ಖಾಲಿ ಉಳಿದ ಕಾರ್ಡುಗಳು ಒಂದು ಕಟ್ಟಾದವು.

ಆ ಮಾರ್ಚಿನಲ್ಲಿ ಪತ್ರ ಬಂತು. ಸಾಹೇಬರು ಮಾರನೆಯ ದಿನವೇ ಬರುತ್ತಾರೆ, ಖಾಲಿ ಜಾಗವಿದ್ದರೆ ನೆರವು ಮುಂದುವರಿಯುವುದಿಲ್ಲ. ಮೇಷ್ಟ್ರು ಬೆಟ್ಟದ ಕಡೆ ಹೋಗಿದ್ದರು. ಆ ಕೋಣೆ ಮುಚ್ಚಿದರೆ ಅವರು ಬದುಕುವುದಿಲ್ಲ ಅಂತ ನನಗೆ ಹೆದರಿಕೆ. ಹಾಡಹಗಲೇ ಸ್ಕೂಲಿನ ದಾಖಲಾತಿ ಪುಸ್ತಕ ತೆರೆದಿಟ್ಟುಕೊಂಡು, ಮಕ್ಕಳ ಅಪ್ಪಂದಿರ ಹೆಸರನ್ನು ಮನಸ್ಸಿಗೆ ಬಂದಂತೆ ಕೂಡಿಸಿ ಬೇರ್ಪಡಿಸಿ, ಖಾಲಿ ಇದ್ದಲ್ಲೆಲ್ಲ ಒಬ್ಬೊಬ್ಬ ಗಂಡನನ್ನು ಬರೆದುಬಿಟ್ಟೆ. ಬಲು ಜಾಣೆ ಅಂತ ಹೆಮ್ಮೆ ಬೇರೆ!

ಮೇಷ್ಟ್ರು ಬಂದು ಸೇರುವ ಹೊತ್ತಿಗೆ ಸಾಹೇಬರು ರುಜು ಹಾಕಿ ಹೊರಟಾಗಿತ್ತು. ಮೇಷ್ಟ್ರು ಕೌದಳ್ಳಿಯ ಕಾರ್ಡು ತೆಗೆದು ಓದಿದರು.

“ಆ ಮುದುಕಿ ಗಂಡನ ಎಸರ ಬಾಯ್ಗೂ ತರ್ದೆ ಕಾಪಾಡ್ಕಂಡವ್ಳೆ. ನೀನು ಇನ್ನೊಬ್ಬ ಗಂಡನ ಕಟ್ಬುಟ್ಯಲ್ಲವ್ವಾ!”

“ಕೋಣೆ ಮುಚ್ಬಿಡ್ತಾರೆ ಅಂತ ಸಾ…” ಎಂದೆ. ಅಳು ಬಂತು.

ಸಂಸ್ಥೆಗೆ ಬರೆದು ತಿಳಿಸಿದರೆ ಅಷ್ಟೂ ವರ್ಷದ ನಿಜವಾದ ಕಾರ್ಡುಗಳ ಮೇಲೂ ಅನುಮಾನ. ಅದಕ್ಕೇ ಅವರು ತಾವೇ ಸರಿಮಾಡಲು ಹೊರಟರು. ಊರೂರಿಗೆ ಹೋಗಿ ನೆರೆಯವರನ್ನು ಕೇಳಿ, ನನ್ನ ಸುಳ್ಳನ್ನು ಹೊಡೆದುಹಾಕಿ, ನಿಜವಾದ ಹೆಸರು ಬರೆದು, ಮೂಲೆಯಲ್ಲಿ ಕೆಂಪು ಪೆನ್ಸಿಲಿನ ಗುರುತು ಹಾಕುತ್ತಿದ್ದರು. ಬಿಸಿಲೆಂದರೆ ಬಿಸಿಲು. ನಾನೂ ಬರುತ್ತೇನೆ ಅಂದರೆ, “ನೀ ಇಲ್ಲೇ ಕೂತ್ಕ, ಬರ್ದಿದ್ದು ಸಾಕು” ಎಂದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ದೂರದ ಊರೆಂದು ಕೌದಳ್ಳಿಯನ್ನು ಕೊನೆಗೆ ಇಟ್ಟುಕೊಂಡಿದ್ದರು. ಅಲ್ಲಿಗೆ ಹೊರಟವರು ಹನೂರಿನಲ್ಲಿ ಬಸ್ಸಿಗೆ ಕಾಯುತ್ತಾ ಕುಸಿದು ಬಿದ್ದರಂತೆ. ಆಸ್ಪತ್ರೆವರೆಗೂ ಜೀವ ಇರಲಿಲ್ಲ… ಅವರ ಕೈಚೀಲ ನಮ್ಮ ಕೋಣೆಗೆ ಬಂತು. ಒಳಗೆ ಕೌದಳ್ಳಿಯ ಕಾರ್ಡುಗಳು, ಆಗತಾನೇ ಹೆರೆದ ಕೆಂಪು ಪೆನ್ಸಿಲ್.

ನಾನಾದರೂ ಕೌದಳ್ಳಿಗೆ ಹೋಗಬಹುದಿತ್ತು. ಹೋಗಲಿಲ್ಲ. ಹೇಡಿ ನಾನು. ಕಾರ್ಡುಗಳನ್ನು ಸುಮ್ಮನೆ ಡ್ರಾಯರಿಗೆ ಸೇರಿಸಿದೆ. ಎರಡು ವರ್ಷದಲ್ಲಿ ಸಂಸ್ಥೆ ನೆರವು ನಿಲ್ಲಿಸಿ ಬೀರುಗಳನ್ನು ಮೈಸೂರಿಗೆ ಸಾಗಿಸಿತು. ಅಂದಿನಿಂದ ಮಾರ್ಚ್ ಬಂತೆಂದರೆ ಬಾಗಿಲಲ್ಲಿ ಆ ಕೊಡೆಯ ಟಕ್ ಸದ್ದು ಕೇಳುತ್ತದೆ. ಮದುವೆಯಾಗಿ ಹೋದ ಮನೆಯಲ್ಲೂ ಕೇಳಿತು, ಯಜಮಾನರು ಹೋದ ಮೇಲೆ ಈ ಮನೆಯಲ್ಲೂ ಕೇಳುತ್ತದೆ.

ಹುಡುಗಿಗೆ ಎಲ್ಲ ಹೇಳಿದೆ. ಹಳೆಯ ಸಂಬಳದ ಪಟ್ಟಿ ನೋಡಿ ನನ್ನನ್ನು ಹುಡುಕಿ ಬಂದಿದ್ದಳು. ಸಂಸ್ಥೆಯವರು ಕಾರ್ಡುಗಳನ್ನು ಈಗ ಕಂಪ್ಯೂಟರಿಗೆ ಹಾಕುತ್ತಿದ್ದಾರಂತೆ. ಅದಕ್ಕೂ ಯಾರದೋ ನೆರವು, ಅದೂ ಮಾರ್ಚ್‌ವರೆಗೆ. ಕೌದಳ್ಳಿಯ ಅಜ್ಜಿಯೂ ಇಲ್ಲ, ಬಲ್ಲ ನೆರೆಯವರೂ ಇಲ್ಲ.

“ಆ ಹೆಸರು ತೆಗೆದು ಖಾಲಿ ಬಿಡಮ್ಮ” ಎಂದೆ.

“ಖಾಲಿ ಬಿಟ್ರೆ ಕಂಪ್ಯೂಟರು ತಗೊಳಲ್ಲ ಅಜ್ಜಿ. ಏನಾದ್ರೂ ಒಂದು ಬರೀಲೇಬೇಕು.”

“ಹಾಗಾದ್ರೆ ‘ಹೇಳಲಿಲ್ಲ’ ಅಂತ ಬರಿ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ಪುಟ್ಟಮಾದಪ್ಪನನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಹೇಳಲಿಲ್ಲ’ ಎಂದು ಬರೆದಳು. ಮೊಮ್ಮಗಳ ಡಬ್ಬಿಯಲ್ಲಿ ಕೆಂಪು ಪೆನ್ಸಿಲಿತ್ತು. ಎತ್ತಿಕೊಂಡೆ, ಆದರೆ ಗುರುತು ಹಾಕಲಿಲ್ಲ. ಅದನ್ನು ಹಾಕಬೇಕಾದವರು ಹನೂರಿನಿಂದ ಮುಂದಕ್ಕೆ ಬರಲೇ ಇಲ್ಲ.