ಕೊರತೆಯೇ ಇಲ್ಲದ ವರ

ಪುಸ್ತಕದ ಮುಖಪುಟದಲ್ಲಿದ್ದ ನಾಯಕ ಡ್ಯೂಕ್‌ನ ಬಲಗೆನ್ನೆಯ ಮೇಲೆ ಟೀ ಕಪ್ಪಿನ ಕಂದು ಉಂಗುರ ಮೂಡಿತ್ತು. ಗಲ್ಫ್‌ನ ಹೂರಾ ಬಡಾವಣೆಯ ನಮ್ಮ ಫ್ಲ್ಯಾಟಿಗೆ ನನ್ನನ್ನು ನೋಡಲು ಬಂದಿದ್ದ ವರನ ತಾಯಿ, ಟೀಪಾಯಿಯ ಮೇಲಿದ್ದ ನನ್ನ ಇಂಗ್ಲಿಷ್ ಪ್ರೇಮ ಕಾದಂಬರಿಯ ಮೇಲೆಯೇ ಕಪ್ ಇಟ್ಟಿದ್ದರು. ಆಮೇಲೆ ಅದನ್ನೆತ್ತಿ ಹಿಂಬದಿಯ ಸಾರಾಂಶ ಓದಿದರು.

"ಹೀರೋಗೆ ಕಾಲು ಕುಂಟು, ಸಿಡುಕು ಬೇರೆ. ಹೀರೋಯಿನ್‌ಗೆ ಬಾಯಿ ಜಾಸ್ತಿ. ಇಂಥವರನ್ನ ಯಾರಮ್ಮ ಮದ್ವೆ ಆಗ್ತಾರೆ?"

"ಕೊನೇಲಿ ಒಬ್ಬರನ್ನೊಬ್ಬರು ಆಗ್ತಾರೆ ಆಂಟಿ."

ಅವರು ನಗಲಿಲ್ಲ. ನನ್ನ ಕನ್ನಡಕ ತೆಗೆಸಿ ಕಣ್ಣು ನೋಡಿದರು. ಅಡುಗೆಮನೆಯವರೆಗೆ ಕಳಿಸಿ ನಡಿಗೆ ನೋಡಿದರು. ಇದೇ ಊರಿನ ಸೀಫ್ ಬಡಾವಣೆಯಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಮಗ ಚಕ್ಕುಲಿ ಮುರಿಯುತ್ತ ಕುಳಿತಿದ್ದ. ಅಪ್ಪನ ಮುಖದಲ್ಲಿ ಆಗಲೇ ಒಪ್ಪಿಗೆ ಕಾಣುತ್ತಿತ್ತು. ಇನ್ನು ತಡಮಾಡಬಾರದೆಂದು, ನಿಮ್ಮಲ್ಲಿ ಏನಾದರೂ ಕೊರತೆ ಇದೆಯೇ ಎಂದು ವರನನ್ನೇ ಕೇಳಿದೆ. ಅವನು ತಾಯಿಯ ಮುಖ ನೋಡಿದ.

"ನನ್ನ ಮಗನಲ್ಲಿ ಒಂದೇ ಒಂದು ಕೊರತೆ ತೋರಿಸಮ್ಮ, ನೋಡೋಣ," ಎಂದರು ಅವರು. ಹೊರಡುವಾಗ, ಹುಡುಗಿ ಪರವಾಗಿಲ್ಲ, ಮಾತುಕತೆ ಮುಂದುವರಿಸೋಣ ಎಂದು ಅಪ್ಪನಿಗೆ ಹೇಳಿ ಹೋದರು.

ಮರುದಿನ ಬೆಳಿಗ್ಗೆ, ಅಪ್ಪ ಏಳುವ ಮೊದಲೇ ನಾನು ವರನ ತಾಯಿಗೆ ಫೋನ್ ಮಾಡಿ, ಕೊರತೆಯಿಲ್ಲದವರ ಜೊತೆ ಬಾಳಿ ನಮ್ಮ ಮನೆಯಲ್ಲಿ ಯಾರಿಗೂ ಅಭ್ಯಾಸವಿಲ್ಲವೆಂದು ಮರ್ಯಾದೆಯಿಂದಲೇ ತಿಳಿಸಿದೆ.