ಮಡಚದೆ ಕತ್ತರಿಸಿದ ಕಾಗದ

ಅವರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕತ್ತರಿಯ ಹಿಡಿ ಒತ್ತಿ ಒತ್ತಿ ಒಂದು ತಗ್ಗು ಬಿದ್ದಿತ್ತು. ಎಡಗೈಯ ತೋರುಬೆರಳಿನ ಉಗುರನ್ನು ಮಾತ್ರ ಉದ್ದ ಬಿಟ್ಟಿದ್ದರು. ಕತ್ತರಿಸಿದ ಕಾಗದದ ಚೂರನ್ನು ಹರಿಯದಂತೆ ಎಬ್ಬಿಸಲು ಅದು ಬೇಕಿತ್ತು. ಕಾರ್ಕ್ ನಗರದ ಪಕ್ಕದ ಲಿಟಲ್ ಐಲ್ಯಾಂಡಿನ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಾನು ಪರೀಕ್ಷೆ ಮಾಡುವವಳು, ಅವರು ಗಾಜಿನ ಸಾಮಾನು ತೊಳೆಯುವವರು. ಆ ಉಗುರಿನಿಂದ ಗ್ಲೌಸ್ ಹರಿಯುತ್ತದೆ ಎಂದು ಸೂಪರ್‌ವೈಸರ್ ಎಷ್ಟು ಸಲ ಗೊಣಗಿದರೂ ಅವರು ಕತ್ತರಿಸಲಿಲ್ಲ. ಊಟದ ಅರ್ಧ ಗಂಟೆಯಲ್ಲಿ ಕೂತು ಕೆಂಪು ಕಾಗದದ ಚಿತ್ರ ಕತ್ತರಿಸುತ್ತಿದ್ದರು. ಒದ್ದೆ ಕೈ ತಾಗಿದರೆ ಕಾಗದ ಬಣ್ಣ ಬಿಡುತ್ತದೆಂದು ಅದರಲ್ಲಿ ಮೊದಲ ಐದು ನಿಮಿಷ ಬರೀ ಕೈ ಒರೆಸಿಕೊಳ್ಳುವುದಕ್ಕೇ ಹೋಗುತ್ತಿತ್ತು. ಆದರೂ ಬೆರಳ ತುದಿ ಸದಾ ತಿಳಿಗೆಂಪು.

ಚೀನಾದವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ಕುಂದಾಪುರದ ಕಡೆಯವಳಾದ ನನಗೆ ಅಷ್ಟು ಹಿರಿಯರ ಹೆಸರು ಹಿಡಿಯಲು ನಾಲಗೆ ಹೊರಳದೆ ‘ಮಾಮ’ ಎಂದುಬಿಟ್ಟೆ. ಅರ್ಥ ಕೇಳಿ ತಿಳಿದುಕೊಂಡು, ‘ಗ್ರ್ಯಾಂಡ್’ ಎಂದರು, ಇಲ್ಲಿಯ ಐರಿಶ್ ಜನ ‘ಆಯ್ತು, ಸರಿ’ ಎನ್ನುವ ಹಾಗೆ. ಅಲ್ಲಿಂದ ಮಾಮ ಆದರು.

ಡ್ರೈವಿಂಗ್ ಟೆಸ್ಟಿನಲ್ಲಿ ಮೂರು ಸಲ ಡುಮ್ಕಿ ಹೊಡೆದ ನನ್ನನ್ನು ಆರು ವರ್ಷ ತಮ್ಮ ಕಾರಿನಲ್ಲಿ ಕೆಲಸಕ್ಕೆ ಕರೆದುಕೊಂಡು ಹೋದವರು ಅವರೇ. ನದಿಯ ಕೆಳಗಿನ ಸುರಂಗದ ಬಾಯಲ್ಲಿ ಬೆಳಿಗ್ಗೆ ಕಾರುಗಳು ಸಾಲುಗಟ್ಟಿ ನಿಂತಾಗ ನಾನು ಗಡಿಯಾರ ನೋಡುತ್ತ ಚಡಪಡಿಸುತ್ತಿದ್ದೆ. ಅವರು ಡ್ಯಾಶ್‌ಬೋರ್ಡಿನಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಡುತ್ತಿದ್ದರು, ಅಳುವ ಮಗುವಿಗೆ ಬಿಸ್ಕತ್ತು ಕೊಟ್ಟ ಹಾಗೆ. ‘ಕತ್ತರಿ ಸುಮ್ನಿರಬೇಕು, ಕಾಗದ ತಿರುಗಬೇಕು,’ ಎನ್ನುವರು. ‘ಒಳಗಿಂದು ಮೊದಲು, ಅಂಚು ಕೊನೆಗೆ. ಅಂಚು ಮೊದಲೇ ಕತ್ತರಿಸಿದ್ರೆ ಹಿಡ್ಕೊಳ್ಳೋಕೆ ಏನೂ ಉಳಿಯಲ್ಲ.’ ನನ್ನ ಹೂವುಗಳೆಲ್ಲ ಇಲಿ ಕಡಿದಂತೆ ಬರುತ್ತಿದ್ದವು. ಅವನ್ನೂ ಎಸೆಯದೆ ಇಟ್ಟುಕೊಳ್ಳುತ್ತಿದ್ದರು.

ಚೀನೀ ಹೊಸ ವರ್ಷಕ್ಕೆ ಲ್ಯಾಬಿನ ಕಿಟಕಿಗಳಿಗೆಲ್ಲ ಮೀನು, ಹೂವು ಹಚ್ಚುವರು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕತ್ತರಿಸಿದರೆ ಬಿಡಿಸುವಾಗ ನಾಲ್ಕೂ ಕಡೆ ಒಂದೇ ಆಕಾರ. ಒಂದೇ ಒಂದು ಚಿತ್ರಕ್ಕೆ ಮಾತ್ರ ಅವರು ಕಾಗದ ಮಡಚುತ್ತಿರಲಿಲ್ಲ. ಅವರ ಊರಿನಲ್ಲಿ ಮದುವೆ ಮನೆಗೆ ಇಬ್ಬರು ದೇವರ ಚಿತ್ರ ಕತ್ತರಿಸಿ ಹಚ್ಚುತ್ತಾರಂತೆ. ಇಬ್ಬರೂ ಗಂಡಸರು, ನಗುಮುಖದವರು. ಒಬ್ಬನ ಕೈಯಲ್ಲಿ ತಾವರೆ, ಇನ್ನೊಬ್ಬನ ಕೈಯಲ್ಲಿ ಮುಚ್ಚಳದ ಡಬ್ಬಿ. ಗಂಡ ಹೆಂಡತಿ ಹೊಂದಿಕೊಂಡು ಬಾಳಲಿ ಎಂದು ಹಾರೈಕೆ. ಯಾರು ಕೇಳಿದರೂ ಮಾಮ ‘ದೇವರು’ ಎಂದು ಸುಮ್ಮನಾಗುತ್ತಿದ್ದರು.

‘ಇದನ್ನೂ ಮಡಚಿ ಕತ್ತರಿಸಿದ್ರೆ ಅರ್ಧ ಕೆಲಸ ಉಳಿಯಲ್ವಾ ಮಾಮ?’ ಎಂದು ಒಂದು ಬೆಳಿಗ್ಗೆ ಸುರಂಗದ ಮುಂದೆ ಕೇಳಿದೆ. ಚಿತ್ರ ನನ್ನ ತೊಡೆಯ ಮೇಲಿತ್ತು.

‘ಮಡಚಿದ್ರೆ ಇಬ್ರೂ ಒಂದೇ ಥರ ಬರ್ತಾರೆ. ನಾವು ಒಂದೇ ಥರ ಇರ್ಲಿಲ್ಲ. ಅವನು ಉದ್ದ, ನಾನು ಗಿಡ್ಡ. ಅವನಿಗೆ ಕನ್ನಡಕ.’

ನೋಡಿದರೆ ತಾವರೆ ಹಿಡಿದವನ ಮೂಗಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕನ್ನಡಕ. ದೇವರಿಗೆ ಕನ್ನಡಕ ಎಂಥದ್ದು ಎಂದು ನಾನು ನಗುವ ಮೊದಲೇ ಅವರು ಹೇಳಿದರು, ‘ನನ್ನ ಗಂಡ.’ ಹೇಳಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇನ್ನೊಬ್ಬರ ಎದುರು ಆ ಮಾತು ಬಾಯಿಬಿಟ್ಟು ಹೇಳಿದ್ದು ಜನ್ಮದಲ್ಲಿ ಇದೇ ಮೊದಲು ಎಂದರು. ಹಿಂದಿನ ಕಾರಿನವನು ಹಾರ್ನ್ ಹೊಡೆಯುತ್ತಿದ್ದ.

ಆಮೇಲಿನ ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಎಲ್ಲ ಹೇಳಿದರು. ಚೀನಾದಲ್ಲಿ ಹದಿನೇಳು ವರ್ಷ ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದರು. ಮನೆ ಮಾಲೀಕರಿಗೆ ಅಣ್ಣತಮ್ಮ ಎಂದಿದ್ದರು. ಅವನಿಗೆ ಕಾಯಿಲೆಯಾಗಿ ಆಸ್ಪತ್ರೆ ಸೇರಿದಾಗ ಅಲ್ಲೂ ಅದನ್ನೇ ಹೇಳಿದರು. ಕೊನೆಯ ದಿನ ಊರಿನಿಂದ ಅವನ ನಿಜವಾದ ಅಣ್ಣ ಬಂದ. ಸುಳ್ಳು ಹೊರಬಿತ್ತು. ಮಾಮನನ್ನು ವಾರ್ಡಿನಿಂದ ಆಚೆ ಕಳಿಸಿದರು. ಬಾಗಿಲ ಹೊರಗೆ ನಿಂತಿದ್ದವರಿಗೆ ಅವನು ಹೋದದ್ದು ಗೊತ್ತಾದದ್ದು ಹಾಸಿಗೆಯ ಬಟ್ಟೆಯನ್ನು ಗಂಟು ಕಟ್ಟಿ ಹೊರಗೆ ತಂದಾಗ.

‘ಅಣ್ಣತಮ್ಮ ಅಂದಿದ್ದೇ ತಪ್ಪಾಯ್ತು,’ ಎಂದರು. ‘ಈ ದೇಶದಲ್ಲಿ ಗಂಡಸು ಗಂಡಸನ್ನ ಮದುವೆ ಆಗಬಹುದು. ನಾನು ಇಲ್ಲಿಗೆ ಬಂದೆ. ಅವನಿಲ್ಲ.’

ಆ ಮೇಲೆ ಸುರಂಗದ ಟ್ರಾಫಿಕ್ಕು ನನಗೆ ಬೇಸರವಾಗಲಿಲ್ಲ. ಅವನು ಅನ್ನ ಸೀದಿಸುತ್ತಿದ್ದದ್ದು, ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗುತ್ತಿದ್ದದ್ದು, ಎಲ್ಲ ಹೇಳುತ್ತ ಮಾಮ ಒಬ್ಬರೇ ನಗುವರು. ನಾನು ಎಷ್ಟು ದೊಡ್ಡ ಮನಸ್ಸಿನವಳು ಎಂದು ಒಳಗೊಳಗೇ ಬೀಗುತ್ತಿದ್ದೆ.

ನಾನು ಮನೆ ಕೊಂಡಾಗ ಗೃಹಪ್ರವೇಶಕ್ಕೆ ಮಾಮ ಆ ಜೋಡಿಯನ್ನು ಫ್ರೇಮು ಹಾಕಿಸಿ ತಂದರು. ಅವರ ಎದುರೇ ಹಾಲಿನ ಗೋಡೆಗೆ ತೂಗುಹಾಕಿದೆ. ಊಟಕ್ಕೆ ಕಾರ್ಕಿನ ಕನ್ನಡದವರು ಹದಿನೈದು ಜನ ಬಂದಿದ್ದರು. ನಮ್ಮ ಕನ್ನಡ ಬಳಗದ ಹಿರಿಯಕ್ಕ ಒಬ್ಬರು ತಟ್ಟೆ ಹಿಡಿದುಕೊಂಡೇ ಚಿತ್ರದ ಹತ್ತಿರ ಹೋದರು.

‘ಏನೇ ಇದು, ಇಬ್ರೂ ಗಂಡಸ್ರೇ ಅಲ್ವಾ? ಹೆಗಲಿಗೆ ಹೆಗಲು ಅಂಟಿಸ್ಕೊಂಡು! ಗೃಹಪ್ರವೇಶದ ದಿನ ಇದನ್ನ ಹಾಲಲ್ಲಿ ಹಾಕಿದೀಯಲ್ಲ!’ ಎಂದರು. ಸುತ್ತ ಇದ್ದವರು ಕಿಸಕ್ಕನೆ ನಕ್ಕರು. ಅಕ್ಕ ಮಾಮನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು, ಇವರು ಯಾರು ಎಂದು.

ಮಾಮ ಬಾಯಲ್ಲಿದ್ದ ತುತ್ತು ನುಂಗಿ ನನ್ನ ಮುಖ ನೋಡಿದರು. ಅಂದು ಅವರು ‘ದೇವರು’ ಎನ್ನುತ್ತಿರಲಿಲ್ಲ. ನಿಜ ಹೇಳಲು ಹೊರಟಿದ್ದರು; ಅದು ನನಗೆ ಇವತ್ತಿಗೂ ಖಾತ್ರಿ. ನನಗೆ ದಿಗಿಲಾಯಿತು.

‘ಬ್ರದರ್ಸ್,’ ಎಂದೆ ನಾನು. ‘ದೇ ಆರ್ ಬ್ರದರ್ಸ್.’

ದೇವರು ಎಂದಿದ್ದರೂ ಸುಳ್ಳಾಗುತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ಲೋಕದಲ್ಲಿರುವ ಅಷ್ಟೂ ಪದ ಬಿಟ್ಟು ನನ್ನ ಹಾಳು ಬಾಯಿಗೆ ಅದೇ ಬಂತು.

‘ಗ್ರ್ಯಾಂಡ್,’ ಎಂದರು ಮಾಮ. ಪಾಯಸ ಬಂದಾಗ ಇನ್ನೊಂದು ಸೌಟು ಹಾಕಿಸಿಕೊಂಡರು.

ಸೋಮವಾರ ಕಾರು ಹೊತ್ತಿಗೆ ಸರಿಯಾಗಿ ಬಂತು. ‘ಮಾಮ, ಮೊನ್ನೆ ನಾನು...’ ಎಂದೆ. ‘ನೋ ಬಾದರ್,’ ಎಂದು ಮಾತು ತಳ್ಳಿಹಾಕಿ ಹೀಟರ್ ಜಾಸ್ತಿ ಮಾಡಿದರು. ಆಮೇಲೆ ಎರಡು ವರ್ಷ ಮಳೆ, ಡೀಸೆಲ್ಲು, ಸೂಪರ್‌ವೈಸರ್, ಇಷ್ಟೇ ಮಾತು. ಅವನ ಸುದ್ದಿ ಮತ್ತೆ ಎತ್ತಲಿಲ್ಲ. ಆ ಜೋಡಿಯನ್ನು ಮತ್ತೆ ಕತ್ತರಿಸಿದ್ದನ್ನೂ ನಾನು ಕಾಣಲಿಲ್ಲ. ಬರೀ ಮಡಚಿದ ಮೀನು, ಮಡಚಿದ ಹೂವು. ಕಾಲು ಹಿಡಿದು ಕ್ಷಮೆ ಕೇಳಬೇಕಾದವಳು ನಾನು, ಅವರೇ ಒಂದು ದಿನ ಸರಿಹೋಗುತ್ತಾರೆ ಎಂದು ಕೂತೆ. ಒಬ್ಬ ಮನುಷ್ಯ ಗಂಡನ ನೆನಪನ್ನು ಹೇಳಿಕೊಳ್ಳಲು ಇಡೀ ಭೂಮಿಯ ಮೇಲೆ ಒಬ್ಬಳನ್ನು ನಂಬಿದ್ದರು. ಆ ಬಾಗಿಲನ್ನೂ ನಾನೇ ಮುಚ್ಚಿದೆ.

ಕಳೆದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಸ್ಟ್ರೋಕ್ ಆಗಿತ್ತು. ಅಲ್ಲಿನ ದಾಖಲೆಯಲ್ಲಿ ಹತ್ತಿರದವರು ಯಾರು ಎಂಬ ಕಡೆ ಅವರು ನನ್ನ ಹೆಸರು ಬರೆಸಿದ್ದರು. ಅಷ್ಟಾದ ಮೇಲೂ ನನ್ನ ಹೆಸರು! ಟ್ಯಾಕ್ಸಿ ಹಿಡಿದು ಓಡಿದೆ. ನಾನು ಮುಟ್ಟುವ ಹೊತ್ತಿಗೆ ಮುಗಿದಿತ್ತು. ಕೈ ಇನ್ನೂ ಬೆಚ್ಚಗಿತ್ತು.

ಅವರ ಕಡೆಯವರು ಯಾರೂ ಉಳಿದಿರಲಿಲ್ಲ. ಅಂತ್ಯಕ್ರಿಯೆ ನಡೆಸಿಕೊಡುವವರ ಕಚೇರಿಗೆ ಏರ್ಪಾಡಿಗಾಗಿ ನಾನೇ ಹೋದೆ. ಇಲ್ಲಿ ಯಾರು ತೀರಿಕೊಂಡರೂ ಮರಣದ ಪ್ರಕಟಣೆ ಹಾಕುತ್ತಾರೆ, ಅದನ್ನು ನೋಡಿಯೇ ಜನ ಬರುವುದು. ಯಾರ ಮಗ, ಯಾರ ಗಂಡ, ಮೊದಲೇ ಹೋದವರು ಯಾರು, ಎಲ್ಲ ಅದರಲ್ಲಿರಬೇಕು. ಬರೆದುಕೊಳ್ಳುತ್ತಿದ್ದ ಮುದುಕ ಕೇಳಿದ, ‘ಹೆಂಡತಿ, ಮಕ್ಕಳು?’

‘ಗಂಡ ಇದ್ದರು,’ ಎಂದೆ. ‘ಅವರು ಮೊದಲೇ ಹೋದರು.’

ಆತ ತಲೆಯನ್ನೂ ಎತ್ತಲಿಲ್ಲ. ಬರೆಯುತ್ತಲೇ, ‘ಅವರ ಹೆಸರು?’ ಎಂದ.

ಅಷ್ಟು ಸುಲಭವಿತ್ತು. ಇದನ್ನು ಹೇಳಲು ನಾನು ಹೆದರಿದ್ದೆ. ಆದರೆ ಹೆಸರು ನನಗೆ ಗೊತ್ತಿರಲಿಲ್ಲ. ಮಾಮ ಯಾವಾಗಲೂ ‘ಅವನು’ ಎಂದೇ ಹೇಳುತ್ತಿದ್ದರು. ಮೊದಲು ಕೇಳಬೇಕೆಂದು ಹೊಳೆಯಲಿಲ್ಲ, ಆಮೇಲೆ ಕೇಳಲು ಮುಖವಿರಲಿಲ್ಲ. ಅವರ ಕೋಣೆಯನ್ನೆಲ್ಲ ಹುಡುಕಿದೆ. ಇಬ್ಬರೂ ನಿಂತಿರುವ ಒಂದು ಫೋಟೋ ಸಿಕ್ಕಿತು, ಹಿಂದೆ ಚೀನೀ ಅಕ್ಷರ. ಬಲ್ಲವರಿಂದ ಓದಿಸಿದೆ. ಅದು ಒಂದು ಪಾರ್ಕಿನ ಹೆಸರು.

ಪ್ರಕಟಣೆ ಹಾಗೇ ಹೋಯಿತು, ‘ಮೊದಲೇ ಅಗಲಿದ ಪತಿಯ ಪ್ರೀತಿಯ ಪತಿ’ ಎಂದು. ಲ್ಯಾಬಿನವರು ಹನ್ನೊಂದು ಜನ ಬಂದಿದ್ದರು. ಮನೆಯವರು ನಿಲ್ಲುವ ಜಾಗದಲ್ಲಿ ನಾನೊಬ್ಬಳೇ ನಿಂತಿದ್ದೆ. ಒಬ್ಬೊಬ್ಬರೇ ಬಂದು ಕೈ ಕುಲುಕಿದರು. ಮದುವೆ ಆಗಿದ್ದೇ ಗೊತ್ತಿರಲಿಲ್ಲ, ಪಾಪ, ಅವರ ಗಂಡನ ಹೆಸರೇನು ಎಂದು ನಾಲ್ಕು ಜನ ಕೇಳಿದರು. ನಾಲ್ಕು ಸಲವೂ ನಾನು ಗೊತ್ತಿಲ್ಲ ಎಂದೇ ಹೇಳಬೇಕಾಯಿತು.