ಇಂದುಬಾಯಿ ಹೇಳುತ್ತಿದ್ದ ಕಥೆ

ಮಿರಜದ ದವಾಖಾನೆಗಳಲ್ಲಿ ಆಯಾಗಳನ್ನು ಎಲ್ಲರೂ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಾರೆ. ಮ್ಹೈಸಾಳದ ಇಂದುಬಾಯಿ ಅಂಥ ಒಬ್ಬ ಮಾವಶಿ. ನೆಲ ಒರೆಸುವುದು, ಹಾಸಿಗೆ ಬದಲಿಸುವುದು ಅವಳ ಕೆಲಸ. ಅಥಣಿ, ರಾಯಬಾಗ ಕಡೆಯ ರೋಗಿಗಳ ಕನ್ನಡವನ್ನು ಡಾಕ್ಟರರಿಗೆ ಮರಾಠಿಯಲ್ಲಿ ಮುಟ್ಟಿಸುವವಳೂ ಅವಳೇ.

೧೯೮೩ರಲ್ಲಿ ರಾಯಬಾಗದಿಂದ ಎಚ್ಚರ ತಪ್ಪಿದ ಮಗುವೊಂದು ಬಂದಿತ್ತು. ಡಾಕ್ಟರರು ಮಿದುಳು ಜ್ವರವೆಂದುಕೊಂಡಿದ್ದರು. ಮೂಲೆಯಲ್ಲಿ ಕೂತ ಅಜ್ಜಿ, "ಎಣ್ಣಿ ಹೊಡದ ಹೊಲದಾಗ ಆಡಾಕತ್ತಿತ್ತು" ಎಂದು ಗೊಣಗಿದ್ದು ಇಂದುಬಾಯಿಯ ಕಿವಿಗೆ ಬಿತ್ತು. ಎಣ್ಣೆಯೆಂದರೆ ಬೆಳೆಗೆ ಸಿಂಪಡಿಸುವ ವಿಷ ಎಂದು ಓಡಿಹೋಗಿ ಹೇಳಿದಳು. ಸಂಜೆಗೆ ಮಗು ಕಣ್ಣು ಬಿಟ್ಟಿತು. ತಮ್ಮ ಸ್ಟೆಥೋಸ್ಕೋಪಿಗಿಂತ ಇಂದುಬಾಯಿಯ ಕಿವಿ ಚುರುಕು ಎಂದು ಹಿರಿಯ ಡಾಕ್ಟರರು ಎಲ್ಲರೆದುರು ಹೊಗಳಿದರು.

ಆ ಮಾತು ಅವಳೊಳಗೆ ಮನೆ ಮಾಡಿತು. ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ ನಿಂತಾಗ, ಆ ಸಂಜೆಯನ್ನು ಮೊದಲಿಂದ ಕೊನೆಯವರೆಗೆ ನೆನೆಯುತ್ತಿದ್ದಳು. ಊರು ಬೆಳೆಯಿತು. ಅವಳು ಗಾಜಿನ ಬಾಗಿಲು, ಲಿಫ್ಟು, ಸ್ಕ್ಯಾನ್ ಯಂತ್ರವಿದ್ದ ಹೊಸ ಖಾಸಗಿ ದವಾಖಾನೆ ಸೇರಿದಳು. ಅಲ್ಲಿ ಅವಳನ್ನು ಕೇಳುವವರು ಕಡಿಮೆಯಾದಷ್ಟೂ ನೆನೆಯುವುದು ಹೆಚ್ಚಾಯಿತು. ಕಡೆಗೆ ರೋಗಿಗಳ ಮುಂದೆಯೇ ಹೇಳತೊಡಗಿದಳು.

"ಇಂದಕ್ಕಾ, ಪೇಶಂಟ ಮಾತಾಡೂವಾಗರ ಸುಮ್ಕಿರು. ಒಂದಿನಾ ಕೆಡಕ ಆಕ್ಕೈತಿ" ಎಂದು ಜೊತೆಯ ಆಯಾ ಸಖುಬಾಯಿ ಎಚ್ಚರಿಸಿದ್ದಳು. ಇಂದುಬಾಯಿಗೆ ಅದು ಹೊಟ್ಟೆಕಿಚ್ಚಿನ ಮಾತಾಗಿ ಕಂಡಿತು.

೧೯೯೬ರ ಮಳೆಗಾಲದ ಒಂದು ಮಧ್ಯಾಹ್ನ ಅಥಣಿ ಕಡೆಯ ತುಳಸವ್ವ ಕೀವಾದ ಕಾಲಿನೊಂದಿಗೆ, ಗಂಡನ ಜೊತೆ ಬಂದಳು. ಹಿಂದೆ ಯಾವುದಾದರೂ ಇಂಜೆಕ್ಷನ್ ಒಗ್ಗದೆ ಹೋಗಿತ್ತೇ ಕೇಳು ಎಂದ, ಪುಣೆಯಿಂದ ಹೊಸದಾಗಿ ಬಂದಿದ್ದ ಡಾಕ್ಟರ್ ನೀಲೇಶ. ಇಂದುಬಾಯಿ ಕೇಳಿದಳು. ತುಳಸವ್ವ ತಡವರಿಸಿದಳು. ಇಂದುಬಾಯಿ ಅವಳ ಕೈ ಹಿಡಿದು, "ಅಂಜಬ್ಯಾಡ್ರಿ. ಹಿಂದಕ ರಾಯಬಾಗದ್ದೊಂದು ಕೂಸು ಬಂದಿತ್ತು..." ಎಂದು ಶುರು ಮಾಡಿದಳು.

"ಅಕ್ಕಾರ, ಹ್ವಾದ ವರ್ಸ ಒಂದು ಸೂಜಿಗೆ ಮೈತುಂಬ ದದ್ದು ಎದ್ದು ಉಸರ ಕಟ್ಟಿತ್ರಿ" ಎಂದಳು ತುಳಸವ್ವ ನಡುವೆ.

"ಹೂಂ, ಹೂಂ" ಎಂದಳು ಇಂದುಬಾಯಿ. ಅವಳು ಆಗಲೇ ಹಿರಿಯ ಡಾಕ್ಟರರ ಹೊಗಳಿಕೆಯ ಹತ್ತಿರ ಬಂದಿದ್ದಳು.

ಏನಂತೆ ಎಂದು ನೀಲೇಶ ಕೇಳಿದ. "ಕಾಹೀ ನಾಹೀ" ಎಂದಳು. ಏನೂ ಇಲ್ಲ.

ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷವಾಗಿರಲಿಲ್ಲ. ತುಳಸವ್ವನ ತುಟಿ ಊದಿತು, ಉಸಿರು ಸಿಳ್ಳೆ ಹೊಡೆಯಿತು. ಇಂದುಬಾಯಿಯೇ ಕಿರುಚುತ್ತ ಓಡಿ ನೀಲೇಶನನ್ನು ಕರೆತಂದಳು. ತುಳಸವ್ವನ ಗಂಡ ಶಿದ್ರಾಮ ಇಂದುಬಾಯಿಯ ರಟ್ಟೆ ಹಿಡಿದ. "ಸೂಜಿ ಒಗ್ಗೂದಿಲ್ಲಂತ ಆಕಿ ಹೇಳಿದ್ಲಲ್ರಿ! ಯಾಕ ಕೊಟ್ರು, ಡಾಕ್ಟರಗ ಕೇಳ್ರಿ!"

ನೀಲೇಶ ತಿರುಗಿ, ಏನು ಹೇಳುತ್ತಿದ್ದಾನೆ ಎಂದ. ತುಳಸವ್ವ ಹೇಳಿದ್ದು ಇಂದುಬಾಯಿಗೆ ಅಕ್ಷರ ಅಕ್ಷರವಾಗಿ ನೆನಪಾಯಿತು. ಹೆಂಡತಿ ಬದುಕುತ್ತಾಳೆಯೇ ಎಂದು ಕೇಳುತ್ತಿದ್ದಾನೆ ಎಂದು ಮರಾಠಿಯಲ್ಲಿ ಹೇಳಿದಳು. ಪ್ರಯತ್ನಿಸುತ್ತಿದ್ದೇವೆ ಎಂದ ನೀಲೇಶ. ಅವಳು ಶಿದ್ರಾಮನತ್ತ ತಿರುಗಿದಳು.

"ಬ್ಯಾರೆ ಹಾದಿನ ಇರಲಿಲ್ಲಂತ್ರಿ."

ಮೂರನೆಯ ದಿನಕ್ಕೆ ತುಳಸವ್ವ ಅಪಾಯದಿಂದ ಪಾರಾದಳು. ಊರಿಗೆ ಹೊರಡುವಾಗ ಶಿದ್ರಾಮ, "ನೀವು ಓಡಲಿಲ್ಲಂದ್ರ ಆಕಿ ಹೋಗೇ ಬಿಡ್ತಿದ್ಲ್ರಿ" ಎಂದು ಕೈ ಮುಗಿದ. ತುಳಸವ್ವ ಕೈ ಮುಗಿಯಲಿಲ್ಲ. ಇಂದುಬಾಯಿಯ ಮುಖವನ್ನೇ ನೋಡುತ್ತ ಕುಂಟಿಕೊಂಡು ಬಾಗಿಲು ದಾಟಿದಳು.

ಕೆಲವು ದಿನ ಬಸ್ಸಿನಲ್ಲಿ ರಾಯಬಾಗದ ಮಗು ನೆನಪಾಗಲಿಲ್ಲ. ಬರೀ ತುಳಸವ್ವನ ಉಸಿರಿನ ಆ ಸಿಳ್ಳೆ. ಆಮೇಲೊಂದು ದಿನ, ಸೂಜಿಗೆ ಹೆದರಿದ್ದ ಉಗಾರದ ಹೆಂಗಸೊಬ್ಬಳ ಪಕ್ಕ ಕೂತು, "ಅಥಣಿ ಕಡೆಯಾಕಿಗೆ ಉಸರ ನಿಂತಿತ್ತು. ನಾ ಓಡಿದ್ನಿ, ಉಳದ್ಲು" ಎಂದಳು. ನಾಲಿಗೆ ತೊಡರಿತು.

ದೀಪಾವಳಿಯ ಹೊತ್ತಿಗೆ ಆ ಕಥೆ ಹೇಳುವಾಗ ನಾಲಿಗೆ ತೊಡರುವುದು ನಿಂತಿತ್ತು.